ರಂಗಂಪೇಟೆಗೆ ಹೊರಟ ಕಾರು

ನನ್ನ ಸಣ್ಣ ಕಾರನ್ನು ಮಾರಲು ಇಟ್ಟಾಗ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮೂವತ್ತು ವರ್ಷದ ಗಾಡಿ ಹಿಂಗ ಫಳಫಳ ಹ್ಯಾಂಗ ಉಳೀತ್ರಿ?" ನಾನು ಎದೆಯುಬ್ಬಿಸಿ ಉತ್ತರ ಹೇಳುವಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳಿಬಿಡುತ್ತಿದ್ದಳು: "ಯಾರನ್ನೂ ಕೂಡಿಸ್ಲಿಲ್ರಿ, ಅದಕ್ಕ."

ಇದು ಶುದ್ಧ ಸುಳ್ಳು. ಕೂಡಿಸಿದ್ದೇನೆ. ಚಪ್ಪಲಿ ಬಿಚ್ಚಿ, ಕಾಲು ಒರೆಸಿಕೊಂಡು, ಏನೂ ತಿನ್ನದೆ, ಗಾಜಿಗೆ ಬೆರಳು ತಾಗಿಸದೆ ಕೂರಬಲ್ಲವರನ್ನೆಲ್ಲ ಕೂಡಿಸಿದ್ದೇನೆ. ಅಂಥವರು ಯಾದಗಿರಿಯಲ್ಲಿ ಕಡಿಮೆ ಎಂಬುದು ನನ್ನ ತಪ್ಪಲ್ಲ. ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದವನು ನಾನು, ಶಿಸ್ತು ಬೇಕಲ್ಲ. ಭಾನುವಾರ ಬೆಳಿಗ್ಗೆ ಸ್ಟೇಷನ್‌ವರೆಗೆ ಓಡಿಸಿ, ವಾಪಸ್ ತಂದು, ಒರೆಸಿ, ಕೌದಿ ಹೊದಿಸುತ್ತಿದ್ದೆ. ಚಳಿಗಾಲದಲ್ಲಿ ನಾನೇ ಆ ಕೌದಿ ಕೇಳಿದರೂ ಹೆಂಡತಿ ಕೊಡುತ್ತಿರಲಿಲ್ಲ. "ಅದು ಗಾಡೀದು," ಅನ್ನುತ್ತಿದ್ದಳು.

ಆಕೆಯ ಸಿಟ್ಟಿಗೆ ಕಾರಣವಿತ್ತು. ಆಕೆಯ ತವರು ಸುರಪುರದ ಪಕ್ಕದ ರಂಗಂಪೇಟೆ. ಕಾರು ಕೊಂಡ ದಿನವೇ ಕೇಳಿದ್ದಳು: "ಒಮ್ಮೆ ಇದ್ರಾಗ ತವರಿಗೆ ಕರ್ಕೊಂಡು ಹೋಗ್ರಿ. ನಮ್ಮ ಓಣ್ಯಾಗ ಇದ್ರಿಂದ ಇಳೀಬೇಕು ನಾನು." ಹೋಗೋಣ ಅಂದೆ. ಆಗ ರಸ್ತೆಯ ತುಂಬ ತಗ್ಗು. ಡಾಂಬರು ಬೀಳಲಿ ಅಂದೆ. ಬಿತ್ತು, ಹೊಸ ಡಾಂಬರು ಬಂಪರಿಗೆ ಸಿಡಿಯುತ್ತದೆ, ಒಣಗಲಿ ಅಂದೆ. ಒಣಗುವಷ್ಟರಲ್ಲಿ ಮಳೆ ಬಂದು ಎರೆಮಣ್ಣಿನ ಕೆಸರು. ಆಮೇಲೆ ಹತ್ತಿ ಲಾರಿಗಳ ಕಾಟ. ಅತ್ತೆ ತೀರಿಕೊಂಡಾಗಲೂ ಬಾಡಿಗೆ ಜೀಪಿನಲ್ಲಿ ಹೋದೆವು. ಅವಸರದಲ್ಲಿ ಓಡಿಸಿದರೆ ಇಂಜಿನ್ನಿಗೆ ಒಳ್ಳೆಯದಲ್ಲ ಎಂದು ನಾನು ಅಂದದ್ದು ನಿಜ.

ಮಂಡಿನೋವು ಹೆಚ್ಚಾಗಿ ಕ್ಲಚ್ ಒತ್ತಿದರೆ ಜೀವ ಹೋಗುವಂತಾದಾಗ ಮಾರದೆ ಗತಿಯಿರಲಿಲ್ಲ. ಶಹಾಪುರದ ಹತ್ತಿ ವ್ಯಾಪಾರಿಯೊಬ್ಬ ಬಂದು ಕಾರಿನ ಬಾಗಿಲನ್ನು ದಢಾರನೆ ಹಾಕಿದ.

"ಗಾಡಿ ಕೊಡಾಂಗಿಲ್ಲ, ಹೋಗ್ರಿ," ಅಂದೆ.

"ನಾ ಇನ್ನೂ ರೇಟೇ ಕೇಳಿಲ್ಲಲ್ರಿ!"

"ಕೇಳಬ್ಯಾಡ್ರಿ."

ಇನ್ನೊಬ್ಬ ಕೆಂಪು ಬಣ್ಣ ಹೊಡೆಸುತ್ತೇನೆ ಅಂದ. ಅವನಿಗೆ ಚಹಾ ಕೂಡ ಕೊಡಿಸಲಿಲ್ಲ.

ಮೂರನೆಯವನು ಫೋಟೋ ಸ್ಟುಡಿಯೋ ಇಟ್ಟವನು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದ. ಮದುವೆಗೆ ಮುಂಚೆ ಗಂಡು ಹೆಣ್ಣು ಒರಗಿ ನಿಂತು ಫೋಟೋ ತೆಗೆಸಿಕೊಳ್ಳಲು ಅವನಿಗೊಂದು ಹಳೆಯ ಕಾರು ಬೇಕಿತ್ತು.

"ಓಡ್ಸೋದೇ ಇಲ್ರಿ ಸರ್. ಶೆಡ್ಡಿನ್ಯಾಗ ಸುಮ್ನ ನಿಂತಿರ್ತದ."

ಇಂಥ ಅಳಿಯ ಯಾರಿಗೆ ಸಿಗುತ್ತಾನೆ? ಅಲ್ಲೇ ಮಾತು ಮುಗಿಸಿ ಕಾಗದಕ್ಕೆ ಸಹಿ ಹಾಕಿದೆ. ಆಮೇಲೆ, ಊರು ಯಾವುದು ಎಂದು ಕೇಳಿದೆ.

"ರಂಗಂಪೇಟ್ರಿ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಮರುದಿನ ಮಂಡಿಗೆ ಪಟ್ಟಿ ಬಿಗಿದುಕೊಂಡು ಕಾರು ಮುಟ್ಟಿಸಲು ಹೊರಟಾಗ ಹೆಂಡತಿ ಇಳಕಲ್ ಸೀರೆ ಉಟ್ಟು, ಬುತ್ತಿಗಂಟು ಹಿಡಿದು, ಚಪ್ಪಲಿ ಸಮೇತ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಚಪ್ಪಲಿ," ಅಂದೆ.

"ನಿನ್ನೆ ಸಹಿ ಹಾಕೀರಲ್ಲ. ಈಗ ಇದು ಬ್ಯಾರೇದವ್ರ ಗಾಡಿ. ಮಾಲಕರು ಬಂದು ಹೇಳ್ಲಿ, ಬಿಚ್ತೀನಿ."

ಕಾನೂನು ಆಕೆಯ ಕಡೆಗಿತ್ತು. ಭೀಮಾ ಸೇತುವೆ ದಾಟುವಾಗ ಗಾಜು ಇಳಿಸಿದಳು. ಶಹಾಪುರದಲ್ಲಿ ಬಿಸಿ ಮಿರ್ಚಿ ಭಜಿ ತರಿಸಿ ಕಾರಿನೊಳಗೇ ತಿಂದಳು. ಬಯ್ಯಲು ಬಾಯಿ ತೆರೆದೆ. ಎಣ್ಣೆಗೈಯಿಂದ ನನ್ನ ಬಾಯಿಗೂ ಒಂದು ಚೂರು ತುರುಕಿದಳು. ನಿಜ ಹೇಳಬೇಕೆಂದರೆ ಆ ಕಾರಿನಲ್ಲಿ ನಾನು ಅಷ್ಟು ಖುಷಿಯಿಂದ ಎಂದೂ ಕೂತಿರಲಿಲ್ಲ.

ರಂಗಂಪೇಟೆ ಮುಟ್ಟಿ ಸ್ಟುಡಿಯೋ ಕಡೆ ಹೊರಳಿಸುವಾಗ, "ಮೊದಲು ನಮ್ಮ ಓಣಿ," ಅಂದಳು. ಹಾಗೇ ಹೊರಳಿಸಿದೆ.

ಆಕೆಯ ತಮ್ಮನ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಆಕೆ ಸೆರಗು ಸರಿಮಾಡಿಕೊಂಡು, ಓಣಿಯ ಎರಡೂ ಕಡೆ ನೋಡುತ್ತ ನಿಧಾನವಾಗಿ ಇಳಿದಾಗ ಕಂಡವಳು ಎದುರುಮನೆಯ ಮುದುಕಿ ಒಬ್ಬಳೇ, ನಮ್ಮ ಅತ್ತೆಯ ಗೆಳತಿ. ಮುದುಕಿ ಹತ್ತಿರ ಬಂದು ಬಾನೆಟ್ಟನ್ನು ಅಂಗೈಯಿಂದ ಸವರಿದಳು. ಒರೆಸುವ ಬಟ್ಟೆಗೆ ನಾನು ಕೈ ಹಾಕಲಿಲ್ಲ.

"ಹೊಸಾ ಗಾಡಿ ತೊಗೊಂಡ್ರೇನವ್ವಾ?"

ಹೆಂಡತಿ ನನ್ನ ಮುಖ ನೋಡಿದಳು. ನನ್ನ ಮಾನ ಹರಾಜು ಹಾಕಲು ಇದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಪ್ರಶ್ನೆ ಆಕೆಗೆ ಸಿಗುತ್ತಿರಲಿಲ್ಲ. ಹೇಳಲಿ, ಇಡೀ ಓಣಿ ಕೇಳಲಿ ಎಂದು ತಲೆ ತಗ್ಗಿಸಿದೆ.

"ಹೂನ್ರೀ ಚಿಗವ್ವಾ," ಅಂದಳು. "ತವರಿಗೆ ಕರ್ಕೊಂಡು ಬರಾಕಂತನೇ ತೊಗೊಂಡಾರ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ರೂಢಿ. ಇದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸ್ಟುಡಿಯೋದವನು.

"ಎಲ್ಲಿ ತನಕ ಬಂದ್ರಿ ಸರ್? ಶೆಡ್ಡು ತೊಳಿಸಿ ಇಟ್ಟೀನಿ."

"ನಾಳೆ ತರ್ತೀನಪ್ಪಾ," ಅಂದೆ. "ಇವತ್ತ ಮಾವನ ಮನಿಗೆ ಬಂದೀನಿ."