ಎಡಗೈಯ ಮಾತು

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಬಟ್ಟೆ ಗಿರಣಿ ಸೇರಿದವಳು. ಮಗ್ಗಗಳ ಗದ್ದಲದಲ್ಲಿ ಪಕ್ಕದವಳು ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲವಂತೆ. ಹಾಗಂತ ಅಷ್ಟು ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುತ್ತಾರೆಯೇ? ಬಲಗೈಯನ್ನು ಯಂತ್ರದಿಂದ ತೆಗೆಯುವಂತಿರಲಿಲ್ಲ. ಎಡಗೈಯಲ್ಲೇ ಒಂದು ಮಾತು ಕಟ್ಟಿಕೊಂಡರು. ಮೊದಮೊದಲು ದಾರ, ನೀರು, ಮೇಸ್ತ್ರಿ ಬಂದ, ಇಷ್ಟೇ. ಆಮೇಲೆ ನಿನ್ನೆ, ನಾಳೆ, ‘ಹಾಗಾಗಿದ್ದರೆ’. ಕೊನೆಗೆ ಸುಳ್ಳು, ಚಾಡಿ, ಮೇಸ್ತ್ರಿಯ ಸಂಸಾರದ ಗುಟ್ಟು, ಎಲ್ಲವೂ ಬಂತು. ಕಲಿಸಿದವರು ಯಾರೂ ಇಲ್ಲ.

ಗಿರಣಿ ಮುಚ್ಚುವ ಹೊತ್ತಿಗೆ ಅತ್ತೆಯ ಕಿವಿ ಪೂರ್ತಿ ಹೋಗಿತ್ತು. ಓದುಬರಹವೂ ಬಾರದು. ಆ ಮಾತು ಬಲ್ಲವರು ಒಬ್ಬೊಬ್ಬರಾಗಿ ತೀರಿಹೋಗಿ, ಪಕ್ಕದ ಮಗ್ಗದ ಗುಂಡಕ್ಕ ಒಬ್ಬಳೇ ಉಳಿದಳು. ಸಂಜೆ ಅವಳ ಮನೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತರೆ, ಸತ್ತವರನ್ನೂ ಎಬ್ಬಿಸಿ ತಂದು ಆಡಿಕೊಂಡು ನಗುತ್ತಿದ್ದರು.

ಮನೆಯಲ್ಲಿ ನಮಗೆ ಬರುತ್ತಿದ್ದುದು ಮೂರು ಸನ್ನೆ. ಅತ್ತೆ ಒಮ್ಮೆ ರೇಗಿದಳು: “ಬಾ, ಉಣ್ಣು, ಮಲಕ್ಕೋ! ನಾಯಿಗೂ ಇಷ್ಟು ಹೇಳ್ತಾರೆ ಕಣ್ರೋ. ನಿನ್ನೆ ಏನಾಯ್ತು ಅಂತ ಒಬ್ರಾದ್ರೂ ಹೇಳಿದ್ದೀರಾ?”

ಹೋದ ತಿಂಗಳು ಗುಂಡಕ್ಕನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಗೆ ಓಡಿದೆವು. ಅವಳ ಮಗ ಬಾಗಿಲಲ್ಲೇ ಸಿಕ್ಕಿದ. “ಪುಣ್ಯಕ್ಕೆ ಹೋಗಿದ್ದು ಎಡಗೈ. ಬಲಗೈ ಇದೆಯಲ್ಲ, ಊಟಕ್ಕೇನೂ ತೊಂದ್ರೆ ಇಲ್ಲ” ಎಂದ. ಅತ್ತೆಗೂ ತಿಳಿಯಲೆಂದು ಎಡಗೈ ಜೋತುಬಿಟ್ಟು, ಬಲಗೈ ಆಡಿಸಿ, ನಗುತ್ತಾ ತೋರಿಸಿದ. ಮಂಕುದಿಣ್ಣೆ! ಹೆತ್ತ ತಾಯಿಯ ಮಾತು ಯಾವ ಕೈಯಲ್ಲಿತ್ತು ಎಂಬುದೂ ಗೊತ್ತಿರಲಿಲ್ಲ ಅವನಿಗೆ.

“ಅಯ್ಯೋ, ಅವಳ ನಾಲಿಗೆನೇ ಹೋಯ್ತಲ್ಲೋ!” ಎಂದು ಅತ್ತೆ ಎದೆ ಬಡಿದುಕೊಂಡಳು.

ಹಾಸಿಗೆಯ ಪಕ್ಕ ಕೂತು ಅತ್ತೆ ಎಡಗೈಯಲ್ಲಿ ಬಹಳ ಹೊತ್ತು ಏನೇನೋ ಹೇಳಿದಳು. ಗುಂಡಕ್ಕನ ಕಣ್ಣು ಆ ಕೈಯನ್ನೇ ಹಿಂಬಾಲಿಸುತ್ತಿತ್ತು. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಆದರೆ ಅವಳ ಬಾಯಿ ಸೊಟ್ಟಗಾಗಿದ್ದರಿಂದ ಅತ್ತೆ ತುಟಿ ನೋಡಿ ಅರ್ಥಮಾಡಿಕೊಳ್ಳುವಂತೆಯೂ ಇರಲಿಲ್ಲ. ಉತ್ತರ ಕೊಡಲು ಬಲಗೈ ಎತ್ತಿದಳು. ಆ ಮಾತು ಆಡಿ ಗೊತ್ತಿಲ್ಲದ ಬೆರಳುಗಳು ತಡಕಾಡಿದವು, ಕೈ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಕಣ್ಣಲ್ಲಿ ನೀರು ಇಳಿಯಿತು. ಕೊನೆಗೆ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಅತ್ತೆಯ ಮುಖ ನೋಡಿದಳು. ಊಟ ಆಯ್ತಾ?

ನಾವು ಮನೆಯಲ್ಲಿ ಮಾಡುವ ಅದೇ ಸನ್ನೆ.

“ಆಯ್ತು ಕಣೇ” ಎಂದಳು ಅತ್ತೆ, ಬಾಯಲ್ಲೇ. ಎಡಗೈಯನ್ನು ಮಡಿಲಲ್ಲಿಟ್ಟು ಬಲಗೈಯಿಂದ ಮುಚ್ಚಿಕೊಂಡಳು. ಆಮೇಲೆ ಆ ಕೈ ಮಾತಾಡಿದ್ದನ್ನು ನಾನು ನೋಡಿಲ್ಲ.