ಎರಡು ಕೋರೆಹಲ್ಲು

ಉರ್ಹೊ ಕೈಪಾಲನ ಬಾಯಿಯನ್ನು ಅವನ ಹೆಂಡತಿಗಿಂತ ಹೆಚ್ಚು ನೋಡಿದವನು ನಾನು. ಹಲ್ಲಿನ ಡಾಕ್ಟರನಾಗಿ ಮೂವತ್ತೆಂಟು ವರ್ಷ ಅದರೊಳಗೆ ದೀಪ ಹಿಡಿದು ಬೈದಿದ್ದೇನೆ. ವಾರವೆಲ್ಲ ಅವನು ಕಾಗದದ ಕಾರ್ಖಾನೆಯಲ್ಲಿ ಮರದ ತಿರುಳು ಬೇಯಿಸುತ್ತಿದ್ದ, ಭಾನುವಾರ ಮಧ್ಯಾಹ್ನ ಹೆಪ್ಪುಗಟ್ಟಿದ ಅಂಗಳದಲ್ಲಿ ಐಸ್-ಹಾಕಿ ಆಟ ಆಡುತ್ತಿದ್ದ. ಆಡುತ್ತಿದ್ದ ಅನ್ನುವುದಕ್ಕಿಂತ ಹೊಡೆದಾಡುತ್ತಿದ್ದ ಅಂದರೆ ಸರಿ. ನಮ್ಮ ತಂಡದವರನ್ನು ಯಾರಾದರೂ ಮುಟ್ಟಿದರೆ ಅವನ ಮೂಗು ಒಡೆಯುವುದು ಉರ್ಹೊನ ಪಾಲಿನ ಕೆಲಸ. ಊರು ಅವನನ್ನು ಅದಕ್ಕೇ ತಲೆ ಮೇಲೆ ಹೊತ್ತುಕೊಂಡಿತ್ತು.

ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಹೋದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಅವನ ಮದುವೆಗೆ ಎರಡು ತಿಂಗಳಿರುವಾಗ. ಕೊಲ್ಲಿಯ ಆಚೆಬದಿಯ ಬಂದರು ಊರಿನ ಒಸ್ಮೊ ರಂತಾ ಕೋಲಿನ ತುದಿಯನ್ನು ನೇರ ಬಾಯಿಗೆ ಕೊಟ್ಟ. ಎರಡು ಹಲ್ಲು ಐಸಿನ ಮೇಲೆ ಸಿಕ್ಕವು, ಒಂದು ತುಟಿಯಲ್ಲಿ ನೆಟ್ಟಿತ್ತು, ನಾಲ್ಕನೆಯದನ್ನು ಈ ಪುಣ್ಯಾತ್ಮ ನುಂಗಿದ್ದನೇನೋ, ಸಿಗಲೇ ಇಲ್ಲ. ನಾನು ತುಟಿ ಹೊಲಿದೆ. ರಕ್ತ ಉಗುಳಿ ಅವನು ಮತ್ತೆ ಆಟಕ್ಕೆ ಇಳಿದ. ಮೂರು ವರ್ಷದ ಮೇಲೆ ಒಸ್ಮೊನನ್ನು ಅಂಗಳದ ಸುತ್ತಲಿನ ಹಲಗೆಗೋಡೆಗೆ ಒತ್ತಿ ಹಿಡಿದು ಗುದ್ದಿ, ಅವನ ಎರಡು ಹಲ್ಲು ಉದುರಿಸಿ ಬಂದ. ಆಮೇಲೆ ಪ್ರತಿ ಚಳಿಗಾಲವೂ ಇಬ್ಬರೂ ಪಕ್ಕೆಲುಬು, ದವಡೆ, ಬೆರಳು ಮುರಿದುಕೊಂಡೇ ಬಂದರು.

ನಮ್ಮ ಕಡೆ ಆಟಗಾರ ಹೋದ ಹಲ್ಲುಗಳ ಜಾಗಕ್ಕೆ ಬ್ರಿಡ್ಜ್, ಅಂದರೆ ಕಟ್ಟುಹಲ್ಲಿನ ಸೇತುವೆ, ಕಟ್ಟಿಸಿಕೊಂಡನೆಂದರೆ ಆಟ ಬಿಟ್ಟ ಅಂತಲೇ ಲೆಕ್ಕ. ಸಿಮೆಂಟು ಹಾಕಿ ಕೂರಿಸಿದ ಹಲ್ಲುಗಳನ್ನು ಇಟ್ಟುಕೊಂಡು ಕೋಲು ಬೀಸುವವರ ಮಧ್ಯೆ ಯಾರು ಹೋಗುತ್ತಾರೆ? ಹಾಗಾಗಿ ಉರ್ಹೊ ಬೊಚ್ಚುಬಾಯಲ್ಲೇ ಇದ್ದ. ಅವನ ಹೆಂಡತಿ ಲೆಂಪಿ ರೈ ಧಾನ್ಯದ ಗಟ್ಟಿ ರೊಟ್ಟಿಯ ಅಂಚು ಕತ್ತರಿಸಿ ಒಳಗಿನ ಮೆತ್ತನೆಯದನ್ನು ಕೊಡುತ್ತಿದ್ದಳು. ಮದುವೆಯ ಫೋಟೋದಲ್ಲಿ ಅವನ ಬಾಯಿ ಹೊಲಿದ ಚೀಲದ ಹಾಗೆ ಮುಚ್ಚಿತ್ತು. ಆಮೇಲೂ ನಗು ಬಂದರೆ ಅಂಗೈ ಅಡ್ಡ ಹಿಡಿಯುತ್ತಿದ್ದ.

"ಇವರು ಬಾಯ್ತುಂಬ ನಗೋದನ್ನ ಒಂದು ಫೋಟೋದಲ್ಲಿ ಹಿಡಿದಿಟ್ಕೋಬೇಕು ಡಾಕ್ಟ್ರೇ, ಇನ್ನೇನೂ ಬೇಡ ನಂಗೆ," ಎಂದು ಪ್ರತಿ ಶರತ್ಕಾಲವೂ ಲೆಂಪಿ ನನ್ನ ಬಳಿ ಬಂದು ಹೇಳುತ್ತಿದ್ದಳು.

ನಾನು ಅವನಿಗೆ ನೂರು ಸಲ ಬಿಡಿಸಿ ಹೇಳಿದ್ದೆ. ಬ್ರಿಡ್ಜ್ ಗಾಳಿಯಲ್ಲಿ ನಿಲ್ಲುವುದಿಲ್ಲ, ಎರಡು ಬದಿಯ ಕೋರೆಹಲ್ಲುಗಳನ್ನು ತೇಯ್ದು ಮೊಳೆಯಂತೆ ಸಣ್ಣಗೆ ಮಾಡಿ ಅವುಗಳ ಮೇಲೆ ಕೂರಿಸಬೇಕು. ಅದರಲ್ಲೊಂದು ಹೋದರೂ ಮುಗಿಯಿತು, ಆಮೇಲೆ ರಾತ್ರಿ ಲೋಟದಲ್ಲಿ ಹಾಕಿಡುವ ಹಲ್ಲುಸೆಟ್ಟೇ ಗತಿ. ಅವನು ತಲೆಯಾಡಿಸಿ, ಇದೊಂದು ವರ್ಷ ಆಗಲಿ ಅನ್ನುತ್ತಿದ್ದ.

ಮೂವತ್ತೆಂಟು ತುಂಬಿದ ಜನವರಿಯಲ್ಲಿ ಎಡ ಕೋರೆಗೆ ಯಾರದೋ ಮೊಣಕೈ ತಗಲಿ ಅದು ಅಲುಗಾಡಿತು. ಹೇಗೋ ಮತ್ತೆ ಗಟ್ಟಿಯಾಯಿತು, ಆದರೆ ಆ ಎರಡು ವಾರ ಗಂಡುಗಲಿ ಗಡಗಡ ನಡುಗಿಬಿಟ್ಟಿದ್ದ. ತಾನಾಗಿ ಬಂದು ನನ್ನ ಕುರ್ಚಿಯಲ್ಲಿ ಕೂತ. ನಾನು ತೇಯ್ದೆ, ಅಚ್ಚು ತೆಗೆದೆ, ಕೂರಿಸಿದೆ. ಕನ್ನಡಿ ಕೊಟ್ಟಾಗ ಅವನ ಕಣ್ಣು ತುಂಬಿತು. ಲೆಂಪಿ ಬೆರಳಿಂದ ಆ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮಾರ್ಚ್ ಮೂರನೇ ಶನಿವಾರ ಫೋಟೋ ಸ್ಟುಡಿಯೋಗೆ ಹೋಗುವುದೆಂದು ಆಯಿತು.

ಅದಕ್ಕೆ ಆರು ದಿನ ಮೊದಲು ಆ ವರ್ಷದ ಕೊನೆಯ ಪಂದ್ಯ, ಬಂದರು ಊರಿನ ಮೇಲೆ. ನಮ್ಮವರು ಮೂವರು ಜ್ವರದಲ್ಲಿ ಮಲಗಿದ್ದರು. ಕೋಚ್ ಉರ್ಹೊನ ಮನೆ ಬಾಗಿಲಿಗೆ ಬಂದು ಕೈಮುಗಿಯುವುದೊಂದು ಬಾಕಿ. ಲೆಂಪಿ ಬೇಡ ಅಂದಳು. ಸುಮ್ಮನೆ ಹಿಂದೆ ನಿಂತಿರುತ್ತೇನೆ ಎಂದು ಇವನು ಹೊರಟ.

ನಾನು ಔಷಧದ ಚೀಲ ಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದೆ. ಒಂದೇ ನಿಮಿಷಕ್ಕೆ ಎಲ್ಲರಿಗೂ ಗೊತ್ತಾಯಿತು: ಅವರ ಕಡೆಯವರು ಉರ್ಹೊನನ್ನು ಮುಟ್ಟುತ್ತಿಲ್ಲ. ಆಟದ ರಬ್ಬರ್ ಬಿಲ್ಲೆ ಅವನ ಕಾಲಡಿ ಬಂದರೂ ಬಳಸಿಕೊಂಡು ಹೋಗುತ್ತಿದ್ದಾರೆ. ಹೊಸ ಹಲ್ಲಿನ, ಫೋಟೋದ ಸುದ್ದಿ ಅವರ ಊರಿಗೂ ಮುಟ್ಟಿತ್ತು; ಅವರ ಜನ ಮದುಮಗ, ಮದುಮಗ ಎಂದು ಕೂಗತೊಡಗಿದರು. ಅವನ ಕತ್ತು ಕೆಂಪೇರುವುದನ್ನು ನಾನು ಕಂಡೆ.

ನಮ್ಮ ಬೆಂಚಿನ ಎದುರೇ ಒಸ್ಮೊ ಅವನ ಹತ್ತಿರ ಬಂದು ನಿಂತ. ಕೋಲು ಕೆಳಗಿಟ್ಟಿದ್ದ.

"ಚೆನ್ನಾಗಿ ಕೂತಿದೆ ಕಣೋ," ಅಂದ. "ಹೆದರ್ಬೇಡ, ನಾವ್ಯಾರೂ ಕೈ ಮಾಡಲ್ಲ ಅಂತ ಮಾತಾಡ್ಕೊಂಡಿದೀವಿ. ಈ ವಸಂತಕ್ಕೆ ನಾನೂ ಬಿಡ್ತೀನಿ, ನಿಮ್ಮ ಡಾಕ್ಟ್ರ ಹತ್ರಾನೇ ಕಟ್ಟಿಸ್ಕೋತೀನಿ."

ಅದು ಕೊಂಕಲ್ಲ. ಇಷ್ಟು ಹತ್ತಿರದಿಂದ ಕೇಳಿದ ನಾನು ಆಣೆ ಮಾಡಿ ಹೇಳಬಲ್ಲೆ, ಅವನು ಮನಸ್ಸಿನಿಂದ ಆಡಿದ ಮಾತು ಅದು. ಆದರೆ ಇಪ್ಪತ್ತು ವರ್ಷ ಎಲ್ಲರನ್ನೂ ಹೆದರಿಸಿ ಬದುಕಿದವನಿಗೆ ಹೆದರ್ಬೇಡ ಅಂದರೆ ಏನಾಗುತ್ತದೆ! ಉರ್ಹೊ ಕೈಗವಸು ಬಿಸಾಕಿದ. ಒಸ್ಮೊ ತನ್ನದನ್ನು ತೆಗೆಯಲಿಲ್ಲ, ಕೈ ಎತ್ತಲೂ ಇಲ್ಲ. ಮೊದಲ ಗುದ್ದಿಗೆ ಅವನ ತಲೆ ಹಿಂದಕ್ಕೆ ಹೋಯಿತು. ಎರಡನೆಯದಕ್ಕೆ ಹುಬ್ಬು ಸೀಳಿತು. ಉರ್ಹೊ ಅವನ ಅಂಗಿಯ ಕೊರಳು ಹಿಡಿದು ಮುಖ ನೇರ ಮಾಡಿಕೊಂಡು ಮೂರನೆಯದನ್ನು ಬಾಯಿಗೇ ಕೊಟ್ಟ. ಹಲ್ಲು ಒಡೆದ ಸದ್ದು ಬೆಂಚಿಗೂ ಕೇಳಿಸಿತು. ಒಸ್ಮೊ ಕುಸಿದು ಐಸಿನ ಮೇಲೆ ಕೂತ, ಮಡಿಲೆಲ್ಲ ರಕ್ತ. ನಮ್ಮ ಊರಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಚೀಲ ಹಿಡಿದು ಐಸಿಗೆ ಇಳಿದೆ.

ಒಸ್ಮೊನನ್ನು ನನ್ನ ದವಾಖಾನೆಗೇ ತಂದರು. ಬಲ ಕೋರೆ ಬೇರಿನವರೆಗೆ ಸೀಳಿತ್ತು, ಕೀಳದೆ ದಾರಿಯಿರಲಿಲ್ಲ. ಅದರ ಹಿಂದಿನ ಎರಡೂ ಹಲ್ಲು ಎಂದೋ ಹೋಗಿದ್ದವು. ಬ್ರಿಡ್ಜ್ ಇನ್ನಾಗದು ಎಂದು ಹೇಳಿದೆ. ಅವನು ಹತ್ತಿ ಕಚ್ಚಿಕೊಂಡೇ ತಲೆಯಾಡಿಸಿದ.

ಬಾಗಿಲಲ್ಲಿ ಉರ್ಹೊ ನಿಂತಿದ್ದ. ಬಲಗೈ ಊದಿ ಮುಷ್ಟಿ ಬಿಚ್ಚಲು ಬರುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದ.

"ಡಾಕ್ಟ್ರೇ, ನಂದನ್ನ ಕಿತ್ತು ಅವನಿಗೆ ಹಾಕಕ್ಕಾಗುತ್ತಾ?"

"ಹಲ್ಲೇನು ಟೋಪಿ ಅಂದ್ಕೊಂಡ್ಯೇನೋ?" ನನ್ನ ಮೈ ಉರಿಯುತ್ತಿತ್ತು. "ತೊಲಗು ಇಲ್ಲಿಂದ."

ಒಸ್ಮೊ ಬಾಯಿಂದ ಹತ್ತಿ ತೆಗೆದು ಬೋಗುಣಿಗೆ ಉಗುಳಿದ.

"ಮನೆಗೆ ಹೋಗೋ," ಅಂದ. "ಶನಿವಾರ ಫೋಟೋ ಇದೆಯಂತಲ್ಲ."

ಶನಿವಾರ ಅವರು ಸ್ಟುಡಿಯೋಗೆ ಹೋದರು. ಆ ಫೋಟೋ ಇಂದಿಗೂ ಲೆಂಪಿಯ ಅಡುಗೆಮನೆಯ ಗೋಡೆಯ ಮೇಲಿದೆ. ಅವಳು ನಗುತ್ತಿದ್ದಾಳೆ, ಇವನ ಬಾಯಿ ಮದುವೆಯ ಫೋಟೋದಲ್ಲಿದ್ದ ಹಾಗೇ ಮುಚ್ಚಿದೆ. ಫೋಟೋದವನು ನಗು ಎಂದು ಮೂರು ಸಲ ಹೇಳಿ ಕೈಬಿಟ್ಟನಂತೆ.

ಉರ್ಹೊ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ. ಬ್ರಿಡ್ಜ್ ಕೂದಲೆಳೆಯಷ್ಟೂ ಅಲುಗಲಿಲ್ಲ, ಅಂಥ ಕೆಲಸ ನಾನು ಮತ್ತೆ ಮಾಡಿಲ್ಲ. ಅದನ್ನು ನೋಡುತ್ತಿದ್ದವನು ನಾನೊಬ್ಬನೇ, ವರ್ಷಕ್ಕೊಮ್ಮೆ, ಬಾಯಿ ತೆಗಿ ಎಂದು ನಾನು ಹೇಳಿದಾಗ.