ಮೂವತ್ತಾರು ಗಂಟೆಯ ಹೆರಿಗೆ

ಸೂಲಗಿತ್ತಿ ಬೌಕ್ಯಳ ಬಾಯಿಗೆ ಬೀಗವಿಲ್ಲ ಅಂತ ಫ್ರೀಸ್‌ಲ್ಯಾಂಡಿನ ಟೀರ್ಸುಮ್ ಊರಿನವರೆಲ್ಲ ಹೇಳುತ್ತಾರೆ. ಹೇಳಲಿ, ಅವರ ಗಂಟೇನು ಹೋಗುತ್ತದೆ. ಪಾದ್ರಿಯ ಪ್ರವಚನ ಉದ್ದವಾದರೆ ಅವಳು ಮೊದಲ ಸಾಲಿನಲ್ಲೇ ಕೂತು ಆಕಳಿಸುವುದು ನಿಜ. ಹೆರಿಗೆಯ ಕೋಣೆಯಲ್ಲಿ ಮೊಬೈಲು ತಿಕ್ಕುತ್ತಾ ಕೂತ ಗಂಡನಿಗೆ, "ಏನಪ್ಪ, ನಿನ್ನ ಪಾಲಿನ ಕೆಲಸ ಒಂಬತ್ತು ತಿಂಗಳ ಹಿಂದೇನೇ ಮುಗೀತು ಅಂದ್ಕೊಂಡ್ಯಾ? ಏಳು, ಅವಳ ಸೊಂಟ ಒತ್ತು," ಅನ್ನುವುದೂ ನಿಜ. ಆದರೆ ಯಾವ ಮನೆಯ ಮಂಚದ ಮೇಲೆ ಏನು ನಡೆಯಿತು ಅನ್ನೋದು ಮಾತ್ರ ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಅವಳ ಬಾಯಿಂದ ಹೊರಬಿದ್ದಿಲ್ಲ. ಎರಡು ಸಾವಿರ ಚಿಲ್ಲರೆ ಹೆರಿಗೆಗಳು ಅವಳ ಹೊಟ್ಟೆಯಲ್ಲೇ ಇವೆ. ಅದಕ್ಕೇ ಅವಳು ದಪ್ಪಗಾಗಿದ್ದು ಅಂತ ಅವಳೇ ಹೇಳಿಕೊಳ್ಳುತ್ತಾಳೆ.

ಅವಳು ಹುಟ್ಟಿದ್ದು ಹಾಲಿನ ಹಸುಗಳನ್ನು ಸಾಕುವವರ ಮನೆಯಲ್ಲಿ, ನಾಲ್ಕನೇ ಹೆಣ್ಣಾಗಿ. ಓದುವುದಕ್ಕಿಂತ ಮೊದಲೇ ಈಯುವ ಹಸುವಿನಿಂದ ಕರು ಎಳೆಯುವುದನ್ನು ಕಲಿತಳು. ಒಬ್ಬಳು ಬಾಣಂತಿಯ ಅತ್ತೆ, "ನೀನು ನನ್ನ ಸೊಸೆಗೆ ಹಸುಗೆ ಹೆರಿಗೆ ಮಾಡಿಸಿದ ಹಾಗೆ ಮಾಡಿಸ್ತೀಯ," ಅಂತ ಮುಖ ಸಿಂಡರಿಸಿದ್ದಳು. ಬೌಕ್ಯ ಕೈ ತೊಳೆಯುತ್ತಾ ಹೇಳಿದಳು: "ಹಸುನೇ ವಾಸಿ ಕಣಮ್ಮ. ಅದಕ್ಕೆ ಅತ್ತೆ ನಾದಿನಿಯರು ಬಂದು ಕಥೆ ಹೇಳಲ್ಲ. ಅದಕ್ಕೇ ಅದು ಹೆದರಲ್ಲ."

ಇದೊಂದು ವಿಷಯದಲ್ಲಿ ಅವಳಿಗೆ ಮೈಯೆಲ್ಲ ಉರಿ. ಕೆಟ್ಟ ಹೆರಿಗೆಗಳನ್ನು ಅವಳು ನೋಡಿಲ್ಲ ಅಂತಲ್ಲ. ಆಂಬುಲೆನ್ಸಿನ ಹಿಂಬದಿಯಲ್ಲಿ ಕೂತು, ದೇವರನ್ನು ನಂಬದ ಬಾಯಲ್ಲೇ ಪ್ರಾರ್ಥನೆ ಮಾಡಿದವಳು ಅವಳು. ಅಂಥದ್ದನ್ನು ಅನುಭವಿಸಿದ ಹೆಂಗಸು ಬಂದು ಹೇಳಿಕೊಂಡರೆ ಎಷ್ಟು ಹೊತ್ತಾದರೂ ಕೈ ಹಿಡಿದು ಕೂರುತ್ತಾಳೆ. ಅವಳ ಸಿಟ್ಟು ಉಪ್ಪುಖಾರ ಹಚ್ಚಿ ಬಡಿಸುವವರ ಮೇಲೆ. ನಮ್ಮ ಕಡೆ ಹುಟ್ಟುಹಬ್ಬ ಅಂದರೆ ಕುರ್ಚಿಗಳನ್ನು ಗೋಡೆಗುಂಟ ವೃತ್ತವಾಗಿ ಇಟ್ಟು, ಎಲ್ಲರೂ ಮಂಡಿಗೆ ಮಂಡಿ ತಾಗಿಸಿಕೊಂಡು, ಒಂದು ಕಾಫಿ, ಒಂದೇ ಒಂದು ತುಂಡು ಕೇಕು ತಿಂದು ಸಂಜೆವರೆಗೆ ಕೂರುವುದು. ಆ ವೃತ್ತದಲ್ಲಿ ಒಬ್ಬಳು ಬಸುರಿ ಕೂತಳೋ, ಮುಗಿಯಿತು. ಒಬ್ಬೊಬ್ಬರೇ ತಮ್ಮ ಹೆರಿಗೆಯ ಕಷ್ಟದ ಕಥೆ ಶುರುಹಚ್ಚಿಕೊಳ್ಳುತ್ತಾರೆ. ಸುಖವಾಗಿ ಹೆತ್ತವರು ಮಾತ್ರ ಬಾಯಿ ಬಿಡುವುದಿಲ್ಲ. ಸುಲಭವಾಗಿ ಆಯ್ತು ಅಂದರೆ ಜಂಬ ಅಂದುಕೊಳ್ಳುತ್ತಾರಲ್ಲ, ನಮ್ಮೂರಲ್ಲಿ ಜಂಬಕ್ಕಿಂತ ದೊಡ್ಡ ಪಾಪ ಇಲ್ಲ.

ಈ ವೃತ್ತದೊಳಗೇ ಬೆಳೆದವಳು ನಿಂಕೆ. ಹೈಸ್ಕೂಲಿನಲ್ಲಿ ಗಣಿತದ ಮೇಡಂ, ಗಟ್ಟಿಗಿತ್ತಿ. ಮೊದಲ ಬಸಿರಿನ ಎಂಟನೇ ತಿಂಗಳಲ್ಲಿ ಅವಳು ಬೌಕ್ಯಳ ಮುಂದೆ ಕೂತು, ತಟ್ಟೆ ಒಡೆದ ಮಗುವಿನ ಹಾಗೆ ಬೆರಳು ಹಿಸುಕುತ್ತಿದ್ದಳು.

"ಆಪರೇಷನ್ ಮಾಡಿ ತೆಗೆದುಬಿಡಲಿ. ನಂಗೆ ಹೆರೋಕಾಗಲ್ಲ."

"ಸರಿ, ಆಸ್ಪತ್ರೆಗೆ ಚೀಟಿ ಬರೆದುಕೊಡ್ತೀನಿ. ಆಪರೇಷನ್ ಅಂದ್ರೆ ಧೈರ್ಯ ಬರುತ್ತಾ?"

"ಇಲ್ಲ. ಅದಕ್ಕೂ ಹೆದರಿಕೆ. ನಿದ್ದೇನೇ ಬರ್ತಿಲ್ಲ. ಯೋರಿತ್ ತೊಟ್ಟಿಲು ತಂದಿದ್ದಾರೆ, ಆ ಕೋಣೆಗೆ ನಾನು ಕಾಲೇ ಇಟ್ಟಿಲ್ಲ." ಯೋರಿತ್ ಅವಳ ಗಂಡ. ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದ. "ನಮ್ಮಮ್ಮನ ವಿಷಯ ನಿಮಗೆ ಗೊತ್ತಲ್ಲ. ಮೂವತ್ತಾರು ಗಂಟೆ. ಮಂಚದ ಪಟ್ಟಿ ಕಚ್ಚಿ ಹಲ್ಲು ಮುರಿದುಕೊಂಡಳಂತೆ. ಇಬ್ಬರಲ್ಲಿ ಒಬ್ಬರೇ ಉಳಿಯೋದು ಅಂದ್ರಂತೆ. ನೀವೇ ಇದ್ರಲ್ವಾ? ಹೇಳಿ, ಹಾಗೇ ಆಯ್ತಾ?"

ಬೌಕ್ಯ ಇದ್ದಳು. ಹೇಳುವ ಹಾಗಿರಲಿಲ್ಲ.

"ಅದು ನಿಮ್ಮಮ್ಮನ ಹೆರಿಗೆ ಕಣೇ. ಅವಳನ್ನೇ ಕೇಳು."

"ಅಷ್ಟು ಕೆಟ್ಟದಾಗಿತ್ತಾ?" ಅಂದಳು ನಿಂಕೆ. ಅವಳ ತುಟಿ ಬೆಳ್ಳಗಾಯಿತು.

ಅವತ್ತು ಬೌಕ್ಯ ಕಾರಿನಲ್ಲಿ ಕೂತು, ಕನ್ನಡಿ ನೋಡಿಕೊಂಡು ತನಗೆ ತಾನೇ ಬೈದುಕೊಂಡಳು. ಇಪ್ಪತ್ತೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದು ವೃತ್ತಿಯ ಧರ್ಮ ಅಂದುಕೊಂಡಿದ್ದಳು. ಆ ಮೌನ ಸುಳ್ಳಿನ ಮೇಲೆ ಒತ್ತಿದ ಸೀಲಾಗಿತ್ತು. ಈಗ ಈ ಹುಡುಗಿ ಆ ಸುಳ್ಳನ್ನು ಹೊತ್ತುಕೊಂಡು ಹೆರಿಗೆಗೆ ಹೋಗಬೇಕು.

ನಡೆದದ್ದು ಇಷ್ಟು. ತೊಂಬತ್ತೇಳರ ಜನವರಿ ನಾಲ್ಕು. ಹನ್ನೊಂದು ಪಟ್ಟಣಗಳ ಸ್ಕೇಟಿಂಗ್ ಓಟ, ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಇನ್ನೂರು ಕಿಲೋಮೀಟರ್. ಅದಕ್ಕೂ ಮುಂಚೆ ಹನ್ನೊಂದು ವರ್ಷ ಕಾಲುವೆ ಸರಿಯಾಗಿ ಹೆಪ್ಪುಗಟ್ಟದೆ ಕೈಕೊಟ್ಟಿತ್ತು. ಅಂಥ ದಿನ ಫ್ರೀಸ್‌ಲ್ಯಾಂಡಿನಲ್ಲಿ ಸತ್ತವರೂ ಎದ್ದು ಹೋಗಿ ನೋಡುತ್ತಾರೆ. ನಿಂಕೆಯ ಅಪ್ಪ ಡುರ್ಕ್ ಬೆಳಗಿನ ನಾಲ್ಕಕ್ಕೆ ಸ್ಕೇಟು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಾಗ ಅವನ ಹೆಂಡತಿ ರೆನ್ಸ್ಕೆಗೆ ಮೊದಲ ನೋವು ಬಂತು. ಅವಳು "ಏನಿಲ್ಲ, ಗ್ಯಾಸು. ಹೋಗಿ ಬಾ," ಅಂದಳು. ಓಟದ ನಂಬರು ಕೈಯಲ್ಲಿರುವ ಗಂಡನನ್ನು ತಡೆದು ನಿಲ್ಲಿಸಿದ ಹೆಂಡತಿಯನ್ನು ಈ ಸೀಮೆ ಕ್ಷಮಿಸುವುದಿಲ್ಲ, ಅದು ಅವಳಿಗೆ ಗೊತ್ತಿತ್ತು.

ರಾತ್ರಿ ಹತ್ತಕ್ಕೆ ಡುರ್ಕ್ ಮೀಸೆಯಲ್ಲಿ ಹಿಮ, ಕಿಸೆಯಲ್ಲಿ ಪದಕ ಹೊತ್ತು ಬಂದ. ಹಿಂದೆ ಇಡೀ ಊರು. ತೊಟ್ಟಿಲನ್ನು ದಾಟಿಕೊಂಡು ಹೋಗಿ ಅವನನ್ನು ಎತ್ತಿ ಕುಣಿಸಿದರು. "ಓಹೋ, ಮಗೂನೂ ಆಯ್ತಾ," ಅಂತ ಯಾರೋ ಅಂದರು.

ಮುಂದಿನ ವರ್ಷದ ಹುಟ್ಟುಹಬ್ಬಕ್ಕೆ ಡುರ್ಕ್ ಓಟದ ಕಥೆ ಶುರುಮಾಡಿದ. ಗಾಳಿ, ಚಳಿ, ಕಣ್ಣಿನ ರೆಪ್ಪೆ ಅಂಟಿಕೊಂಡದ್ದು. ರೆನ್ಸ್ಕೆ ಕೇಕು ಕೊಯ್ಯುತ್ತಾ, "ನಂಗೂ ಹನ್ನೆರಡು ಗಂಟೆ ಆಯ್ತು," ಅಂದಳು. ಮೊದಲ ಸಲ ಎಲ್ಲರೂ ಅವಳ ಕಡೆ ತಿರುಗಿದರು. ಅಷ್ಟೇ ಸಾಕಾಯಿತು. ನಿಂಕೆಯ ಐದನೇ ಹುಟ್ಟುಹಬ್ಬಕ್ಕೆ ಹದಿನೆಂಟಾಯಿತು, ಹತ್ತನೆಯದಕ್ಕೆ ಇಪ್ಪತ್ತನಾಲ್ಕು. ಡುರ್ಕನ ಗಾಳಿ ಜೋರಾದ ಹಾಗೆಲ್ಲ ರೆನ್ಸ್ಕೆಯ ನೋವೂ ಜೋರಾಯಿತು. ಕೊನೆಗೆ "ಬೇಕಿದ್ರೆ ಬೌಕ್ಯನ್ನೇ ಕೇಳಿ," ಅನ್ನುತ್ತಿದ್ದಳು. ಬೌಕ್ಯ ಕಾಫಿ ಕುಡಿಯುತ್ತಿದ್ದಳು.

ಈ ಸಲ ತವರಿನಲ್ಲಿ ನಡೆದ ನಿಂಕೆಯ ಹುಟ್ಟುಹಬ್ಬಕ್ಕೆ ಬೌಕ್ಯ ಕಾಫಿ ಮುಟ್ಟಲಿಲ್ಲ. ಹದಿನಾಲ್ಕು ಜನ, ಗುಲಾಬಿ ಸಕ್ಕರೆ ಬಳಿದ ಕೇಕು. ಸೋಫಾದ ಮೂಲೆಯಲ್ಲಿ ನಿಂಕೆ ಹೊಟ್ಟೆಯ ಮೇಲೆ ಕುಶನ್ನು ಅಡ್ಡ ಇಟ್ಟುಕೊಂಡು ಕೂತಿದ್ದಳು, ಯಾರೋ ಹೊಡೆಯಲು ಬರುತ್ತಾರೆ ಅನ್ನುವಂತೆ. ಬಂದವರೆಲ್ಲ ಅವಳಿಗೆ ಶುಭಾಶಯ ಹೇಳಿ, ಡುರ್ಕನ ಬೆನ್ನು ತಟ್ಟಿದರು. ಡುರ್ಕ್ ತನ್ನ ಕಥೆಯಲ್ಲಿ ಸ್ಟಾವೊರೆನ್ ಊರಿನವರೆಗೆ ಸ್ಕೇಟು ಮಾಡಿ ಮುಗಿಸುವಷ್ಟರಲ್ಲಿ ರೆನ್ಸ್ಕೆ ಬಾಯಿ ತೆರೆದಳು.

"ನೀವು ಗಂಡಸರಿಗೆ ಒಂದು ದಿನ ಚಳಿ. ನಂಗೆ ಮೂವತ್ತಾರು ಗಂಟೆ..."

"ಡುರ್ಕ್," ಅಂದಳು ಬೌಕ್ಯ, ಚಮಚ ಕೆಳಗಿಟ್ಟು. "ನೀನು ಮನೆ ಬಿಟ್ಟಿದ್ದು ಎಷ್ಟೊತ್ತಿಗೆ?"

"ನಾಲ್ಕಕ್ಕೆ. ಸರಿಯಾಗಿ ನಾಲ್ಕಕ್ಕೆ. ಕತ್ತಲು ಅಂದ್ರೆ..."

"ಕತ್ತಲಿರಲಿ. ಹೆಂಡತಿ ಹೇಗಿದ್ಲು?"

"ಚೆನ್ನಾಗಿದ್ಲು. ಗ್ಯಾಸು ಅಂದ್ಲು."

"ವಾಪಸ್ ಬಂದಿದ್ದು?"

"ಹತ್ತಕ್ಕೆ. ಪದಕ..."

"ಪದಕ ನೋಡಿದೀವಿ ಮಾರಾಯ, ಇಪ್ಪತ್ತೇಳು ಸಲ ನೋಡಿದೀವಿ. ಹತ್ತಕ್ಕೆ ಬಂದಾಗ ಮಗು ತೊಟ್ಟಿಲಲ್ಲಿ ಮಲಗಿತ್ತು ತಾನೆ? ನಿಂಕೆ, ನೀನು ಮಕ್ಕಳಿಗೆ ಲೆಕ್ಕ ಹೇಳಿಕೊಡೋಳು. ನಾಲ್ಕರಿಂದ ಹತ್ತರೊಳಗೆ ಮೂವತ್ತಾರು ಹೇಗೆ ಹಿಡಿಸುತ್ತೆ, ನಂಗೊಂಚೂರು ಹೇಳಿಕೊಡು."

ಇಪ್ಪತ್ತೇಳು ವರ್ಷದಲ್ಲಿ ಆ ಮನೆಯಲ್ಲಿ ಒಬ್ಬರೂ ಈ ಕಳೆಯುವ ಲೆಕ್ಕ ಮಾಡಿರಲಿಲ್ಲ. ಮಾಡುವವರ ಮನಸ್ಸೆಲ್ಲ ಮಂಜುಗಡ್ಡೆಯ ಮೇಲಿತ್ತು. ನಿಂಕೆಯೂ ಮಾಡಿರಲಿಲ್ಲ. ಹೆತ್ತ ತಾಯಿಯ ಮಾತನ್ನು ಯಾವ ಮಗಳು ಲೆಕ್ಕ ಹಾಕಿ ನೋಡುತ್ತಾಳೆ? ಈಗ ಅವಳ ತುಟಿ ಮೆಲ್ಲಗೆ ಅಲುಗಿತು, ಎಣಿಸುತ್ತಿದ್ದಳು.

ರೆನ್ಸ್ಕೆ ಕೇಕಿನ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಎದ್ದುಹೋದಳು. ಬೌಕ್ಯ ಹಿಂದೆಯೇ ಹೋದಳು.

"ಯಾರಿಗೂ ಹೇಳಲ್ಲ ಅಂತ ನೀನು ಮಾತು ಕೊಟ್ಟಿದ್ದೆ," ಅಂದಳು ರೆನ್ಸ್ಕೆ, ಸಿಂಕಿನ ಕಡೆ ಮುಖ ಮಾಡಿ.

"ಮಾತು ಉಳಿಸಿಕೊಂಡಿದೀನಿ. ನಿನ್ನ ಗಂಡನ್ನ ಗಂಟೆ ಕೇಳಿದೆ, ಅಷ್ಟೆ. ಮಿಕ್ಕಿದ್ದು ನೀನು ಹೇಳು. ಆ ಹುಡುಗಿ ತೊಟ್ಟಿಲ ಕೋಣೆಗೆ ಹೋಗ್ತಿಲ್ಲ ಕಣೇ."

ಬಾಗಿಲಲ್ಲಿ ನಿಂಕೆ ನಿಂತಿದ್ದಳು.

"ಎಷ್ಟು ಗಂಟೆ ಅಮ್ಮ?"

ರೆನ್ಸ್ಕೆ ನಲ್ಲಿ ಬಿಟ್ಟಳು, ನಿಲ್ಲಿಸಿದಳು. "ಐದು. ಒಂಬತ್ತೂ ಹತ್ತಕ್ಕೆ ನೀನು ಬಂದೆ."

"ಹಲ್ಲು?"

"ಅದು ಆಮೇಲೆ. ಕಡಲೆಬೀಜದ ಮಿಠಾಯಿ ಕಚ್ಚಿ."

ಬೌಕ್ಯ ನಗು ತಡೆಯಲಾಗದೆ ಕೆಮ್ಮಿದಳು. ನಿಂಕೆ ನಗಲಿಲ್ಲ.

"ನಿನ್ನನ್ನ ಸಾಯಿಸಿಬಿಡ್ತಿದ್ದೆ ಅಂದ್ಕೊಂಡೇ ಬೆಳೆದೆ ನಾನು. ಪ್ರತಿ ಹುಟ್ಟುಹಬ್ಬಕ್ಕೂ. ಮೇಣದಬತ್ತಿ ಊದುವಾಗ ಮನಸ್ಸಲ್ಲೇ ನಿನ್ನ ಕ್ಷಮೆ ಕೇಳ್ತಿದ್ದೆ. ಎಂಟು ವರ್ಷದವಳಿದ್ದಾಗಿಂದ," ಅಂದು, ಕೋಟು ಕೈಯಲ್ಲೇ ಹಿಡಿದು ಮನೆಗೆ ಹೋದಳು. ಯೋರಿತ್ ಶೂಗಳನ್ನು ಎತ್ತಿಕೊಂಡು ಹಿಂದೆ ಓಡಿದ.

ರೆನ್ಸ್ಕೆ ಸ್ಟೂಲಿನ ಮೇಲೆ ಕುಸಿದಳು. "ಅವಳಿಗೆ ಹಾಗನ್ನಿಸುತ್ತೆ ಅಂತ ನಂಗೆ ಹೊಳೀಲೇ ಇಲ್ಲ ಬೌಕ್ಯ. ನಾನು ಅವರಪ್ಪನಿಗೆ ಕೇಳಲಿ ಅಂತ ಹೇಳ್ತಿದ್ದೆ."

ನಾಲ್ಕು ವಾರ ತಾಯಿ ಮಗಳಿಗೆ ಮಾತಿಲ್ಲ. ಆದರೆ ಮೂರನೇ ವಾರ ಯೋರಿತ್ ಬಂದು, ಬೌಕ್ಯಳ ಗ್ಯಾರೇಜಿನಿಂದ ಮಂಚ ಎತ್ತರಿಸುವ ಕಬ್ಬಿಣದ ಕಾಲುಗಳನ್ನು ತೆಗೆದುಕೊಂಡು ಹೋದ. ನಮ್ಮಲ್ಲಿ ಮನೆಯಲ್ಲೇ ಹೆರುವವರು ಮಂಚವನ್ನು ಸೂಲಗಿತ್ತಿಯ ಸೊಂಟದೆತ್ತರಕ್ಕೆ ಏರಿಸಬೇಕು, ಇಲ್ಲದಿದ್ದರೆ ಸೂಲಗಿತ್ತಿಯ ಬೆನ್ನು ಹೋಗುತ್ತದೆ. "ಆಸ್ಪತ್ರೆ ಚೀಟಿ ಹರಿದುಹಾಕಿದ್ಲಾ?" ಅಂತ ಕೇಳಿದಳು ಬೌಕ್ಯ. "ಇಲ್ಲ, ಫ್ರಿಜ್ಜಿಗೆ ಅಂಟಿಸಿದಾಳೆ. ಎರಡೂ ಇರಲಿ ಅಂದ್ಲು," ಅಂದ ಯೋರಿತ್. ಜಾಣೆ, ಅಂದುಕೊಂಡಳು ಬೌಕ್ಯ. ಓಡಿಹೋಗುವ ದಾರಿ ತೆರೆದಿದ್ದರೆ ಓಡುವ ಆತುರ ಕಡಿಮೆಯಾಗುತ್ತದೆ.

ಫೆಬ್ರುವರಿಯ ಒಂದು ಶುಕ್ರವಾರ ಸಂಜೆ ನೋವು ಶುರುವಾಯಿತು. ಅಮ್ಮನ ಹಾಗೆ ಐದು ಗಂಟೆಯಲ್ಲೇನೂ ಮುಗಿಯಲಿಲ್ಲ. ನಿಂಕೆ ನಡೆದಳು, ಬಿಸಿನೀರಿನ ಕೆಳಗೆ ನಿಂತಳು, ನಡುವೆ ಮಲಗಿದಳು, ಎದ್ದಳು. ಯೋರಿತ್ ಹೇಳಿದ ಕಡೆಯೆಲ್ಲ ಒತ್ತಿದ. ಒಂದು ಹೊತ್ತಿನಲ್ಲಿ ಅವಳು ಅವನ ಕಿವಿ ಹಿಡಿದು ತಿರುಚಿದಳು, ಆಮೇಲೆ ಕ್ಷಮೆ ಕೇಳಿದಳು, ಆಮೇಲೆ ಮತ್ತೆ ತಿರುಚಿದಳು. ಬೌಕ್ಯ ಗಳಿಗೆಗೊಮ್ಮೆ ಮಗುವಿನ ಎದೆಬಡಿತ ಕೇಳಿ, "ಒಳಗಿನೋರು ಆರಾಮಾಗಿದಾರೆ," ಅನ್ನುತ್ತಿದ್ದಳು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಂಕೆ ಕಿಟಕಿಯ ಕಟ್ಟೆ ಹಿಡಿದುಕೊಂಡು, "ನೋವಿದೆ. ಆದ್ರೆ ಹೆದರಿಕೆ ಎಲ್ಲೋಯ್ತೋ ಗೊತ್ತಾಗ್ತಿಲ್ಲ," ಅಂದಳು. ಆಮೇಲೆ, "ಅಮ್ಮನ್ನ ಕರೀರಿ."

ರೆನ್ಸ್ಕೆ ಏಪ್ರನ್ನಿನಲ್ಲೇ ಓಡಿಬಂದಳು. ಬಾಗಿಲಲ್ಲಿ ನಿಂತಳು, ಒಳಗೆ ಬರಲೋ ಬೇಡವೋ ಅನ್ನುವಂತೆ. ಅಷ್ಟರಲ್ಲಿ ಒಂದು ದೊಡ್ಡ ನೋವು ಬಂದು ಹೋಯಿತು. ನಿಂಕೆ ಮುಖ ಕೆಂಪಗೆ ಮಾಡಿಕೊಂಡು, "ಇನ್ನು ಆಗಲ್ಲ. ನಂಗಾಗಲ್ಲ," ಅಂದಳು.

ರೆನ್ಸ್ಕೆ ಮಂಚದ ಬಳಿ ಬಂದಳು. "ನಾನೂ ಹಾಗೇ ಅಂದೆ. ಎಂಟೂ ಐವತ್ತಕ್ಕೆ. ಇಪ್ಪತ್ತು ನಿಮಿಷಕ್ಕೆ ನೀನಿದ್ದೆ."

"ಇದು ನಿಜವಾದದ್ದಾ?"

"ನಿಜವಾದದ್ದು ಕಣಮ್ಮ."

ನಿಂಕೆ ಬೌಕ್ಯಳ ಮುಖ ನೋಡಿದಳು. ಬೌಕ್ಯ, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ, ಒಂದೇ ಒಂದು ಸಲ ಹೌದೆಂದು ತಲೆಯಾಡಿಸಿದಳು.

ಹನ್ನೆರಡೂ ಕಾಲಿಗೆ ಹೆಣ್ಣುಮಗು ಹುಟ್ಟಿತು. ತಲೆತುಂಬ ಕೂದಲು, ಹೊರಬಿದ್ದ ತಕ್ಷಣ ಸೂಲಗಿತ್ತಿಯ ತೋಳಿನ ಮೇಲೆ ಉಚ್ಚೆ ಹೊಯ್ದಿತು. ನಿಂಕೆ ಮಗುವನ್ನು ಎದೆಗೆ ಹಾಕಿಕೊಂಡು ನಕ್ಕಳು. ಯೋರಿತ್ ಅಳುತ್ತಾ ಮೂಗನ್ನು ಪರದೆಗೆ ಒರೆಸಿಕೊಂಡ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಕೆಳಗೆ ಕಾರಿನ ಸದ್ದಾಯಿತು, ಡುರ್ಕ್ ಬಂದಿದ್ದ. "ಮೇಲೆ ಬರಲಾ?" ಅಂತ ಮೆಟ್ಟಿಲಿಂದ ಕೂಗಿದ.

"ಅಪ್ಪ, ಅಲ್ಲೇ ಇರಿ ಸ್ವಲ್ಪ," ಅಂದಳು ನಿಂಕೆ. ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮ, ಆವತ್ತು ನಿಂಗೆ ಹೇಗಿತ್ತು?"

ರೆನ್ಸ್ಕೆ ಮಗಳ ಕಾಲ ಬಳಿ ಕೂತಳು. "ಚೆನ್ನಾಗಿತ್ತು," ಅಂದಳು, ಏನೋ ಕದ್ದದ್ದನ್ನು ಒಪ್ಪಿಕೊಳ್ಳುವವಳ ಹಾಗೆ. "ಊರಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬಿಸಿಲು ನೇರ ಹಾಸಿಗೆ ಮೇಲೆ ಬಿದ್ದಿತ್ತು. ನೀನು ಒಂದು ಕಣ್ಣು ಬಿಟ್ಟು ನನ್ನನ್ನ ನೋಡಿದೆ. ನಂಗೆ ಅಷ್ಟು ಸಂತೋಷ ಯಾವತ್ತೂ ಆಗಿಲ್ಲ ನಿಂಕೆ. ಇಡೀ ದಿನ ಕಾದೆ, ಯಾರಾದ್ರೂ ಬಂದು ಹೇಗಿತ್ತು ಅಂತ ಕೇಳ್ತಾರೆ, ಹೇಳೋಣ ಅಂತ."

ಮೆಟ್ಟಿಲ ಮೇಲೆ ಡುರ್ಕನ ಹೆಜ್ಜೆ ನಿಂತಿತು. ಅವನು ಮೇಲೆ ಬರಲಿಲ್ಲ, ಕೆಳಗೂ ಹೋಗಲಿಲ್ಲ.

"ಹೇಳು," ಅಂದಳು ನಿಂಕೆ. "ಮೊದಲಿಂದ ಹೇಳು."

ಬೌಕ್ಯಳಿಗೆ ತೂಕ ನೋಡುವುದಿತ್ತು, ಕಾಗದ ಬರೆಯುವುದಿತ್ತು, ಪಕ್ಕದೂರಿನಲ್ಲಿ ಇನ್ನೊಬ್ಬಳು ಕಾಯುತ್ತಿದ್ದಳು. ರೆನ್ಸ್ಕೆ ಹೇಳಲಿದ್ದ ಪ್ರತಿಯೊಂದೂ ಅವಳಿಗೆ ಮೊದಲೇ ಗೊತ್ತಿತ್ತು. ಆದರೂ ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಳು, ಕೇಳಿದಳು.